ಕೊರಳಪಟ್ಟಿಯ ಹೆಬ್ಬಾತು

ಚಳಿಗಾಲ ಶುರುವಾಯಿತೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂಬದಿಯಲ್ಲಿ ಎರಡು ಕಪ್ಪು ಗೀರು. ಕೆರೆಯಲ್ಲಿ ವಿಶ್ರಾಂತಿ, ಸುತ್ತಲಿನ ಹೊಲಗಳಲ್ಲಿ ಮೇವು. ಬೇಸಿಗೆ ಕಾಲಿಡುವ ಹೊತ್ತಿಗೆ ಮತ್ತೆ ಉತ್ತರದ ದಾರಿ. ಗೂಡು, ಮೊಟ್ಟೆ, ಮರಿ ಎಲ್ಲ ಮಂಗೋಲಿಯಾದ, ಟಿಬೆಟ್ಟಿನ, ಚೀನಾದ ಚಿಂಗ್‌ಹಾಯ್ ಸೀಮೆಯ ಸರೋವರಗಳಲ್ಲಿ. ನಡುವೆ ಹಿಮಾಲಯ. ಉಪಗ್ರಹ ಸಾಧನ ಹೊತ್ತ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿನ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲ ರಕ್ತ ಇವುಗಳದು.

ಮೈಸೂರಿನ ಸುತ್ತಲಿನ ಕೆರೆಗಳಲ್ಲೂ ಇವು ಕಾಣುತ್ತವೆ. ದುರ್ಬೀನು ಹಿಡಿದು ಕೂತವರಿಗೆ ಆಗೊಮ್ಮೆ ಈಗೊಮ್ಮೆ ಒಂದು ಹಕ್ಕಿಯ ಕೊರಳಲ್ಲಿ ಹಸಿರು ಪ್ಲಾಸ್ಟಿಕ್ ಪಟ್ಟಿ ಕಾಣುತ್ತದೆ, ಅದರ ಮೇಲೆ ದಪ್ಪ ಬಿಳಿ ಅಕ್ಷರ, ಅಂಕಿ. ಅದನ್ನು ತೊಡಿಸಿದವರು ಮಂಗೋಲಿಯಾದ ಸಂಶೋಧಕರು. ಬೇಸಿಗೆಯಲ್ಲಿ ರೆಕ್ಕೆಗರಿ ಉದುರಿ ಹೆಬ್ಬಾತು ಕೆಲವು ವಾರ ಹಾರಲಾರದು. ಆಗಲೇ ಹಿಡಿದು, ಪಟ್ಟಿ ತೊಡಿಸಿ ಬಿಡುತ್ತಾರೆ. ಇಲ್ಲಿ ಸಂಖ್ಯೆ ಓದಿದವರು ಬರೆದು ತಿಳಿಸಿದರೆ ಅಲ್ಲಿ ಆ ಹಕ್ಕಿಯ ಲೆಕ್ಕಕ್ಕೆ ಇನ್ನೊಂದು ಸಾಲು ಸೇರುತ್ತದೆ. ಅಂತರರಾಷ್ಟ್ರೀಯ ಸಹಕಾರ ಎಂದಾಗ ಬಾವುಟಗಳ ಸಾಲು, ಉದ್ದನೆಯ ಮೇಜು ನೆನಪಾಗುವುದು ಸಹಜ. ನನಗೆ ಈ ಪತ್ರ ವ್ಯವಹಾರವೇ ಅದರ ಗಟ್ಟಿ ಭಾಗ ಎನಿಸುತ್ತದೆ.

ಹಾಗೆಂದು ಮೇಜಿನ ಕೆಲಸ ಬೇಡವೆಂದಲ್ಲ. ಜೌಗುನೆಲಗಳ ಒಪ್ಪಂದ 1971ರಲ್ಲಿ ಇರಾನಿನ ರಾಮ್ಸರ್‌ನಲ್ಲಿ ಆಯಿತು. ಮಾಗಡಿ ಕೆರೆ ಆ ಒಪ್ಪಂದದ ಜೌಗುನೆಲಗಳ ಪಟ್ಟಿಗೆ ಸೇರಿದ್ದು 2024ರಲ್ಲಿ. ವಲಸೆ ಜೀವಿಗಳ ಒಪ್ಪಂದ 1979ರಲ್ಲಿ ಜರ್ಮನಿಯ ಬಾನ್‌ನಲ್ಲಿ ರೂಪುಗೊಂಡಿತು, ಭಾರತ 1983ರಲ್ಲಿ ಸೇರಿತು. ಮಂಗೋಲಿಯಾ ಸದಸ್ಯ, ಚೀನಾ ಅಲ್ಲ. ಚಿಂಗ್‌ಹಾಯ್‌ನಲ್ಲಿ ಮರಿ ಮಾಡುವ ಹೆಬ್ಬಾತಿನ ಮಟ್ಟಿಗೆ ಇದು ಸಣ್ಣ ತೂತಲ್ಲ.

ಸಹಿ ಬಿದ್ದ ಮಾತ್ರಕ್ಕೆ ಹಕ್ಕಿ ಉಳಿಯುವುದಿಲ್ಲ ಎಂಬುದಕ್ಕೆ ಸೈಬೀರಿಯಾದ ಕೊಕ್ಕರೆ ಸಾಕ್ಷಿ. ಅದಕ್ಕೆಂದೇ 1993ರಲ್ಲಿ ದೇಶಗಳ ನಡುವೆ ತಿಳಿವಳಿಕೆ ಪತ್ರವಾಯಿತು. ಆದರೆ ದಾರಿಯಲ್ಲಿನ ಬೇಟೆ ನಿಲ್ಲಲಿಲ್ಲ. ರಾಜಸ್ಥಾನದ ಭರತ್‌ಪುರದಲ್ಲಿ ಕೊನೆಯ ಜೋಡಿ ಕಂಡದ್ದು 2001–02ರ ಚಳಿಗಾಲದಲ್ಲಿ.

ಹೆಬ್ಬಾತಿನ ವಿಷಯದಲ್ಲಿ ದೇಶಗಳನ್ನು ಎಚ್ಚರಿಸಿದ್ದು, ನಿಜ ಹೇಳಬೇಕೆಂದರೆ, ಪ್ರೀತಿಗಿಂತ ಭಯ. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಬಹಳ. ರೋಗ ಎತ್ತ ಸಾಗೀತು ಎಂದು ತಿಳಿಯಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮತ್ತಿತರರು ಹಣ, ಸಾಧನ ಒದಗಿಸಿದರು. ಒಡಿಶಾದ ಚಿಲಿಕಾದಲ್ಲೂ ತಮಿಳುನಾಡಿನ ಕೂಂತಂಕುಳಂನಲ್ಲೂ ಹೆಬ್ಬಾತುಗಳ ಬೆನ್ನಿಗೆ ಸಾಧನ ಕಟ್ಟಲಾಯಿತು. ಅವು ಹಿಮಾಲಯವನ್ನು ಸುಮಾರು ಎಂಟು ಗಂಟೆಯಲ್ಲಿ ಹತ್ತಿ ದಾಟುತ್ತವೆ ಎಂಬುದು ಗೊತ್ತಾದದ್ದು ಆಗಲೇ.

ಸುಮಾರು 30 ದೇಶಗಳ ಮೇಲೆ ಹಾದುಹೋಗುವ ಈ ಆಕಾಶಮಾರ್ಗಕ್ಕೆ ಮಧ್ಯ ಏಷ್ಯಾ ವಲಸೆ ಹಾದಿ ಎನ್ನುತ್ತಾರೆ. 2024ರ ಫೆಬ್ರವರಿಯಲ್ಲಿ ಉಜ್ಬೇಕಿಸ್ತಾನದ ಸಮರ್ಕಂಡ್‌ನಲ್ಲಿ ಸೇರಿದ ವಲಸೆ ಜೀವಿಗಳ ಒಪ್ಪಂದದ ದೇಶಗಳು ಅದರ ಸಮನ್ವಯ ಘಟಕ ಭಾರತದಲ್ಲಿರಲಿ ಎಂದು ಒಪ್ಪಿದವು. ಯಾವ ದೇಶದಲ್ಲಿ ಯಾವ ಬಣ್ಣದ ಪಟ್ಟಿ, ನೋಡಿದವರು ಯಾರಿಗೆ ತಿಳಿಸಬೇಕು ಎಂಬ ಮಾಹಿತಿ ಮಾಗಡಿ ಕೆರೆ ಬಳಿಯ ಶಿರಹಟ್ಟಿಯ ಶಾಲಾ ಹುಡುಗನಿಗೂ ಕನ್ನಡದಲ್ಲೇ ಸಿಗುವಂತೆ ಮಾಡುವುದನ್ನು ಆ ಘಟಕ ತನ್ನ ಮೊದಲ ಕೆಲಸಗಳಲ್ಲಿ ಸೇರಿಸಿಕೊಳ್ಳಬೇಕು.