ತುಳಜಾಪುರದ ದಾರಿಯ ಸಿಸ್ಟರ್‌ಬಾಯಿ

ಸೀಗೆ ಹುಣ್ಣಿಮೆಗೆ ಕಲಬುರಗಿ, ಬೀದರ್ ಕಡೆಯಿಂದ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುವವರಿಗೆ ನಳದುರ್ಗ ದಾಟುವ ಹೊತ್ತಿಗೆ ಕಾಲು ಸೋತಿರುತ್ತವೆ. ಅಲ್ಲಿಂದ ಮುಂದೆ ದಾರಿ ಬದಿಯ ಒಂದು ಕಟ್ಟೆಯ ಮೇಲೆ ನೀರಿನ ಕೊಡ ಇಟ್ಟುಕೊಂಡು ಕೂತಿದ್ದ ಹಿರಿಯ ಹೆಣ್ಣುಮಗಳನ್ನು ನಾನು ಮೊದಲು ಕಂಡದ್ದು ಹಾಗೆ ಸೋತ ಕಾಲಿನಲ್ಲೇ. ಊರವರು ಅವರನ್ನು ಸಿಸ್ಟರ್‌ಬಾಯಿ ಎನ್ನುತ್ತಾರೆ. ತವರು ಆಳಂದದ ಕಡೆ, ಮನೆಮಾತು ಕನ್ನಡ, ನೌಕರಿಯೆಲ್ಲ ಮರಾಠಿಯಲ್ಲಿ. ನೀರು ಕೊಟ್ಟು ಮಾತಿಗೆ ಕೂತಾಗ ಅವರು ಹೇಳಿದ್ದು, ಈ ದಾರಿಯ ಆಚೀಚೆ ಇರುವ ಹಳ್ಳಿಗಳಲ್ಲಿ ನಡೆದು ಜಗತ್ತಿನ ವೈದ್ಯರೆಲ್ಲ ಓದಿದ ಒಂದು ಪ್ರಯೋಗದ ಕಥೆ. ಎರಡನೇ ಸಲ ಹೋದದ್ದು ಅವರ ಮಾತು ಕೇಳಲೆಂದೇ.

ಆ ಹಳ್ಳಿಗಳಿರುವ ಉಸ್ಮಾನಾಬಾದ್ ಜಿಲ್ಲೆಗೆ ಈಗ ಧಾರಾಶಿವ ಎಂಬ ಹೆಸರು. ಅದರ ಅಂಚಿನಲ್ಲಿ, ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಪಟ್ಟಣದಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಮುಂಬೈಯ ಟಾಟಾ ಸ್ಮಾರಕ ಕೇಂದ್ರದ ನೆರವಿನಿಂದ 1987ರಲ್ಲಿ ಬಾರ್ಶಿಯಲ್ಲಿ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ದೇಶದಲ್ಲಿ ಹಳ್ಳಿಗಳಿಗೆಂದೇ ಆದ ಮೊದಲ ನೋಂದಣಿ ಅದು. ಶಹರದಲ್ಲಾದರೆ ಆಸ್ಪತ್ರೆಗಳ ದಫ್ತರ ತೆಗೆದು ಲೆಕ್ಕ ಹಿಡಿಯಬಹುದು. ಹಳ್ಳಿಯ ರೋಗಿ ಆಸ್ಪತ್ರೆಗೇ ಬರುವುದಿಲ್ಲವಲ್ಲ! ಹಾಗಾಗಿ ಬಾರ್ಶಿಯವರು ತಾವೇ ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ ಹಳ್ಳಿ ತಿರುಗಿದರು. ಮಾಯದ ಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೂ ಕಾಣುವ ರಕ್ತ, ಇಂಥದ್ದಿದ್ದರೆ ಹೇಳಿ ಎಂದರು. ಬರೀ ಹೀಗೆ ಮಾತಾಡಿದ್ದರಿಂದಲೇ ಗರ್ಭಕಂಠದ ಕ್ಯಾನ್ಸರ್ ಮೊದಲಿಗಿಂತ ಬೇಗ, ಚಿಕಿತ್ಸೆಗೆ ಬಗ್ಗುವ ಹಂತದಲ್ಲೇ ಸಿಗತೊಡಗಿತು ಎಂದು 1990ರ ದಶಕದಲ್ಲಿ ಅವರು ಬರೆದು ತೋರಿಸಿದರು. ನನಗೆ ಇದು ಮುಂದಿನ ದೊಡ್ಡ ಪ್ರಯೋಗಕ್ಕಿಂತ ಕಡಿಮೆಯ ಸಂಗತಿಯೇನೂ ಅನ್ನಿಸುವುದಿಲ್ಲ.

ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಆ ದೊಡ್ಡ ಪ್ರಯೋಗ ಶುರುವಾದದ್ದು 1999ರಲ್ಲಿ. ಫ್ರಾನ್ಸಿನ ಲಿಯೋನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಡಾ. ಶಂಕರನಾರಾಯಣನ್, ಬಾರ್ಶಿಯ ಡಾ. ನೇನೆ, ಟಾಟಾದ ಡಾ. ದಿನ್‌ಶಾ ಮುಂದಾಳುಗಳು. 30ರಿಂದ 59 ವರ್ಷದ 1,31,746 ಆರೋಗ್ಯವಂತ ಹೆಂಗಸರು, ಹಳ್ಳಿಗಳ 52 ಗುಂಪುಗಳು. ಚೀಟಿ ಎತ್ತಿದಂತೆ ಗುಂಪುಗಳನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆ, ಇನ್ನೊಂದಕ್ಕೆ ಜೀವಕೋಶ ಕೆರೆದು ತೆಗೆದು ನೋಡುವ ಪ್ಯಾಪ್ ಸ್ಮಿಯರ್, ಮೂರನೆಯದಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವುದು. ನಾಲ್ಕನೆಯ ಪಾಲಿನವರಿಗೆ ತಿಳಿವಳಿಕೆಯ ಮಾತಷ್ಟೇ, ಉಳಿದಂತೆ ಎಂದಿನ ವ್ಯವಸ್ಥೆ.

ಸಿಸ್ಟರ್‌ಬಾಯಿ ಮೂರನೆಯ ಪಾಲಿನ ಹಳ್ಳಿಗಳಲ್ಲಿ ಪರೀಕ್ಷೆ ಮಾಡುತ್ತಿದ್ದವರು. ಶೇಕಡ 3ರಿಂದ 5ರಷ್ಟು ಸತ್ವದ ಅಸಿಟಿಕ್ ಆಮ್ಲ ಎಂದರೆ ವಾಸನೆಯಲ್ಲೂ ಹುಳಿಯಲ್ಲೂ ಅಡುಗೆಯ ವಿನೆಗರೇ. ಅದರಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಒತ್ತಿ, ತೆಗೆದು, ಒಂದು ನಿಮಿಷ ಕಾಯಬೇಕು. ಕೆಡುತ್ತಿರುವ ಜೀವಕೋಶಗಳಿದ್ದ ಜಾಗ ಬೆಳ್ಳಗೆ ತಿರುಗುತ್ತದೆ.

‘ಆ ಒಂದ್ ಮಿನಿಟ್ ಭಾಳ ದೊಡ್ಡದ್ರಿ,’ ಅಂದರು. ‘ಮಲಗಿದ ಹೆಣ್ಮಗಳು ಕಣ್ಣು ಮುಚ್ಚಿರ್ತಾಳ. ಗಂಡನ ಮುಂದೂ ಹಿಂಗ ಮಲಗಿಲ್ಲ ಅಂತಿದ್ರು. ನಾ ಅವಳ ಕೂಡ ಮಾತಾಡ್ಕೋತ ನಿಂದರತಿದ್ದೆ. ಜ್ವಾಳ ಎಷ್ಟು ಚೀಲ ಬಂತು, ಮಗಳಿಗೆ ಎಲ್ಲಿ ಕೊಟ್ಟೀರಿ... ಕೈಗಡಿಯಾರ ಮಾತ್ರ ನೋಡ್ತಿದ್ದೆ. ಮುಳ್ಳು ಒಂದ್ ಸುತ್ತು ಬರೋದ್ರಾಗ ಅವಳ ಸಂಸಾರೆಲ್ಲ ಗೊತ್ತಾಗ್ತಿತ್ತು.’

ಶಿಬಿರದ ದಿನ ಹೆಂಗಸರು ತಾವಾಗಿ ಬರುತ್ತಿರಲಿಲ್ಲ. ನಸುಕಿನಲ್ಲಿ ಹೋದರೆ ರೊಟ್ಟಿ ಬಡಿಯುವ ಹೊತ್ತು, ಹೊತ್ತೇರಿದರೆ ಬಾಗಿಲಿಗೆ ಬೀಗ, ಎಲ್ಲರೂ ಹೊಲಕ್ಕೆ. ಹೊಲಕ್ಕೇ ಹೋಗಿ ಕರೆಯಬೇಕು. ಮೊದಲು ಅತ್ತೆಯನ್ನು ಒಪ್ಪಿಸಬೇಕು, ಆಮೇಲೆ ಸೊಸೆ. ‘ನನಗೇನು ಬ್ಯಾನಿ ಐತಿ ಅಂತ ಬರ್ಲಿ?’ ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇರಲಿಲ್ಲವಂತೆ. ‘ಬ್ಯಾನಿ ಬರೋಕಿಂತ ಮೊದಲ ನೋಡೋದವ್ವ, ಜ್ವಾಳಕ್ಕ ಹುಳ ಹತ್ತೋಕಿಂತ ಮೊದಲ ನೋಡಂಗಿಲ್ಲೇನು?’ ಎಂದು ತಾವೇ ಕಟ್ಟಿಕೊಂಡ ಮಾತು ಹೇಳುತ್ತಿದ್ದರು. ಬಿಳಿ ಕಂಡವರನ್ನು ಮುಂದಿನ ತಪಾಸಣೆಗೆ ಕಳಿಸುವುದು, ಬೇಕಾದರೆ ಶೀತಚಿಕಿತ್ಸೆ, ಕ್ಯಾನ್ಸರೇ ಆಗಿದ್ದರೆ ಶಸ್ತ್ರಚಿಕಿತ್ಸೆ, ವಿಕಿರಣ.

ಫಲಿತಾಂಶ 2009ರ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಎಚ್‌ಪಿವಿ ಪರೀಕ್ಷೆಯ ಪಾಲಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು 34, ಏನೂ ಪರೀಕ್ಷೆ ಇಲ್ಲದ ಪಾಲಿನಲ್ಲಿ 64. ಬದುಕಿನಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆಯಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಪ್ಯಾಪ್ ಸ್ಮಿಯರ್ ಮತ್ತು ಆಮ್ಲದ ಪಾಲುಗಳಲ್ಲಿ ಇಳಿಕೆ ಗಟ್ಟಿಯಾಗಿ ಹೇಳುವಷ್ಟು ಕಾಣಲಿಲ್ಲ. ಗೆದ್ದದ್ದು ಸಿಸ್ಟರ್‌ಬಾಯಿಯ ಹತ್ತಿಯುಂಡೆಯಲ್ಲ, ಬೇರೆ ಹಳ್ಳಿಗಳಿಂದ ಸಣ್ಣ ನಳಿಗೆಗಳಲ್ಲಿ ಪ್ರಯೋಗಾಲಯಕ್ಕೆ ಹೋದ ಮಾದರಿ. ಈ ಮಾತು ಅವರ ಮುಂದೆ ಎತ್ತಲು ನಾನು ಹಿಂಜರಿದೆ. ಅವರೇ ಎತ್ತಿದರು. ‘ನಮ್ಮದು ಅಷ್ಟು ಹತ್ತಲಿಲ್ರಿ. ಆದ್ರ ನಾ ಬೆಳ್ಳಗ ಕಂಡದ್ದು ಸುಳ್ಳಲ್ಲ.’ ಅಲ್ಲವೇ ಅಲ್ಲ. ತಮಿಳುನಾಡಿನ ದಿಂಡಿಗಲ್‌ನಲ್ಲಿ ಇದೇ ಆಮ್ಲದ ಪರೀಕ್ಷೆ ಸಾವನ್ನು ಶೇಕಡ 35ರಷ್ಟು, ಮುಂಬೈಯ ಕೊಳೆಗೇರಿಗಳಲ್ಲಿ 31ರಷ್ಟು ತಗ್ಗಿಸಿತು.

ನಾಲ್ಕನೆಯ ಪಾಲಿನ ವಿಷಯ ನನ್ನನ್ನು ಇನ್ನೂ ಕಾಡುತ್ತದೆ. ಪರೀಕ್ಷೆ ಇಲ್ಲದೆ ಬಿಟ್ಟದ್ದು ಸರಿಯೇ ಎಂದು ಆಮೇಲೆ ದೇಶ ವಿದೇಶಗಳಲ್ಲಿ ವಾದ ನಡೆಯಿತು. ಆಗ ನಮ್ಮ ಹಳ್ಳಿಗಳಲ್ಲಿ ಎಲ್ಲೂ ಇಂಥ ಪರೀಕ್ಷೆ ಇರಲೇ ಇಲ್ಲ, ಇದ್ದ ಸ್ಥಿತಿಯ ಜೊತೆಗೇ ಹೋಲಿಸಬೇಕಿತ್ತು ಎಂಬುದು ಒಂದು ಉತ್ತರ. ಆ ಉತ್ತರವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೆ ಆ 64 ಜನರ ಋಣ ದೇಶದ ಮೇಲೆ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಚ್‌ಪಿವಿ ಪರೀಕ್ಷೆಯನ್ನೇ ಮೊದಲು ಮಾಡಿ ಎಂದಿತು. ನಮ್ಮಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಆದವರು ನೂರಕ್ಕೆ ಇಬ್ಬರೂ ಇಲ್ಲ. ಉತ್ತರ ಸಿಕ್ಕದ್ದು ನಮ್ಮ ಗಡಿಯಾಚೆಯ ಜೋಳದ ಹೊಲಗಳಲ್ಲಿ. ಅದು ಈಚೆಯ ಆಳಂದಕ್ಕೂ ಅಫಜಲಪುರಕ್ಕೂ ಬಂದು ಮುಟ್ಟಲು ಎಷ್ಟು ಹುಣ್ಣಿಮೆ ಬೇಕು?

ಹೊರಡುವಾಗ ಸಂಜೆಯಾಗಿತ್ತು. ‘ಆಯಿ ಉಧೋ’ ಎನ್ನುತ್ತ ಮತ್ತೊಂದು ತಂಡ ಬಂತು. ಸಿಸ್ಟರ್‌ಬಾಯಿ ತಂಬಿಗೆ ತುಂಬಿ ತುಂಬಿ ಕೊಟ್ಟರು. ಕಂಕುಳಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬಳು ನೀರು ಕುಡಿದು ಮುಂದೆ ಹೋದಳು. ಅವರು ಅವಳ ಬೆನ್ನನ್ನೇ ನೋಡುತ್ತ ನಿಂತರು.

‘ಮೂವತ್ತು ದಾಟಿರಬೇಕ್ರಿ ಆ ಹೆಣ್ಮಗಳಿಗೆ,’ ಅಂದರು.