ಹುಂಜ ಯಾವುದು, ಹೇಂಟೆ ಯಾವುದು?

ಈ ದಿನ ನಾನು ಹೇಳಹೊರಟಿರುವ ವಿಷಯ ಬಹಳ ಚಿಕ್ಕದೆಂದು ನಿಮಗೆ ತೋರಬಹುದು. "ಹುಂಜ ಯಾವುದು, ಹೇಂಟೆ ಯಾವುದು ಅಂತ ರೇಡಿಯೋದಲ್ಲಿ ಹೇಳಿಕೊಡಬೇಕೇನಯ್ಯಾ? ನಮ್ಮನೆ ಮಗೂನೂ ಹೇಳ್ತದೆ" ಎಂದು ನಗುವವರೂ ನಿಮ್ಮಲ್ಲಿದ್ದೀರಿ. ನಿಜ, ಬೆಳೆದ ಹುಂಜ ತಿಪ್ಪೆಯ ಮೇಲೆ ನಿಂತು ಕೂಗುವಾಗ ಯಾರಿಗೂ ಸಂಶಯ ಬರುವುದಿಲ್ಲ. ಸಂಶಯ ಬರುವುದು ಮರಿ ಕೊಳ್ಳುವಾಗ; ಆಮೇಲೆ, ಮೂರು ನಾಲ್ಕು ತಿಂಗಳ ಕೋಳಿಗಳಲ್ಲಿ ಯಾವುದನ್ನು ಸಂತೆಗೆ ಒಯ್ಯುವುದು, ಯಾವುದನ್ನು ಮೊಟ್ಟೆಗೆ ಉಳಿಸಿಕೊಳ್ಳುವುದು ಎಂದು ಆರಿಸುವಾಗ. ಹಣ ಕೈಬಿಟ್ಟು ಹೋಗುವುದೂ ಆಗಲೇ.

ನನ್ನ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು, ಬುಟ್ಟಿ ಹೊತ್ತು ಬಂದ ವ್ಯಾಪಾರಿಯೊಬ್ಬನಿಂದ 20 ಬಿಳಿ ಮರಿ ಕೊಂಡರು. "ಎಲ್ಲಾ ಹೇಂಟೆಯೇ ಕಣಮ್ಮ, ದಿನಾ ಮೊಟ್ಟೆ ಇಡೋ ಜಾತಿ" ಎಂದು ಅವನು ಆಣೆ ಮಾಡಿದ್ದನಂತೆ. ಮರಿಗಳಿಗೆ ಮೂರು ವಾರವಾಗಿದ್ದಾಗ ನಾನು ಆ ಊರಿಗೆ ಹೋಗಿದ್ದೆ. "ನೀನು ಓದಿದವನು, ನೋಡಿ ಹೇಳಪ್ಪಾ" ಎಂದರು. ನಾನು ಒಂದೆರಡು ಮರಿಗಳ ರೆಕ್ಕೆ ಬಿಡಿಸಿ ನೋಡಿದೆ. ಗರಿ ಉದ್ದವಾಗಿ ಬಂದಿತ್ತು. "ಹೇಂಟೆಯೇ ಅಜ್ಜಿ, ಧೈರ್ಯವಾಗಿ ಸಾಕಿ" ಎಂದು ಹೇಳಿ ಬಂದೆ. ನಾಯಿ, ಹದ್ದು, ಕಾಯಿಲೆಗೆ ಹೋದವು ಹೋಗಿ ಉಳಿದದ್ದು 13. ಮೂರೂವರೆ ತಿಂಗಳಾಗುವಷ್ಟರಲ್ಲಿ ಹದಿಮೂರೂ ಕೂಗತೊಡಗಿದವು!

ಹೀಗೇಕಾಯಿತು, ನಾನು ಎಲ್ಲಿ ತಪ್ಪಿದೆ, ಇದನ್ನು ಹೇಳಿದರೆ ಇಂದಿನ ವಿಷಯದ ಮುಕ್ಕಾಲು ಪಾಲು ಹೇಳಿದಂತೆಯೇ.

ಮೊಟ್ಟೆಗಾಗಿಯೇ ಬೆಳೆಸುವ ಜಾತಿಗಳಲ್ಲಿ ಗಂಡು ಮರಿ ಮೊಟ್ಟೆಗೂ ಇಲ್ಲ, ಮಾಂಸಕ್ಕೂ ಅಷ್ಟಕ್ಕಷ್ಟೇ. ಎಷ್ಟು ರಾಗಿ ಹಾಕಿದರೂ ಎದೆ ತುಂಬಿಕೊಳ್ಳುವುದಿಲ್ಲ. ಆದ್ದರಿಂದ ಮರಿ ಮಾಡಿಸುವ ಕೇಂದ್ರಗಳಲ್ಲಿ ಮೊದಲ ದಿನವೇ ಗಂಡು ಹೆಣ್ಣು ಬೇರೆ ಮಾಡಿ, ಹೆಣ್ಣನ್ನು ಮೊಟ್ಟೆ ಫಾರಂಗಳಿಗೆ ಕಳುಹಿಸುತ್ತಾರೆ. ಲೋಕದಲ್ಲಿ ಕೋಟಿಗಟ್ಟಲೆ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದುಂಟು. ಜರ್ಮನಿ ದೇಶ 2022ರಿಂದ ಇದನ್ನು ಕಾನೂನಿನಿಂದ ನಿಲ್ಲಿಸಿದೆ. ನಮ್ಮ ಕಡೆ ಇಂಥ ಗಂಡು ಮರಿಗಳಲ್ಲಿ ಕೆಲವು ಅಗ್ಗದ ಬೆಲೆಗೆ ವ್ಯಾಪಾರಿಗಳ ಬುಟ್ಟಿ ಸೇರುತ್ತವೆ. ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಕ್ಕಳಿಗೆ ಮಾರುವ ಮರಿಗಳೂ ಹೆಚ್ಚಾಗಿ ಇವೇ. ಅಜ್ಜಿಗೆ ಸಿಕ್ಕಿದ್ದು ಆ ಸರಕು.

ಇನ್ನು ನನ್ನ ತಪ್ಪು. ರೆಕ್ಕೆ ನೋಡಿ ಲಿಂಗ ಹೇಳುವ ಕ್ರಮವೊಂದು ಉಂಟು. ತಾಯಿ ನಿಧಾನವಾಗಿ ಗರಿ ಬರುವ ವಂಶದ್ದು, ತಂದೆ ಬೇಗ ಗರಿ ಬರುವ ವಂಶದ್ದು ಆಗಿದ್ದರೆ, ಹುಟ್ಟುವ ಹೆಣ್ಣು ಮರಿಗೆ ತಂದೆಯಂತೆ ಬೇಗ ಗರಿ ಬರುತ್ತದೆ, ಗಂಡು ಮರಿಗೆ ತಾಯಿಯಂತೆ ನಿಧಾನ. ಹುಟ್ಟಿದ ದಿನ ರೆಕ್ಕೆ ಬಿಡಿಸಿದರೆ ಹೆಣ್ಣಿಗೆ ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ ಕಾಣುತ್ತದೆ. ಗಂಡಿಗೆ ಎರಡು ಸಾಲೂ ಸಮ. ಆದರೆ ತಂದೆತಾಯಿಗಳನ್ನು ಹಾಗೆ ಆರಿಸಿ ಕೂಡಿಸಿದ ಮರಿಗಳಲ್ಲಿ ಮಾತ್ರ ಇದು ನಡೆಯುತ್ತದೆ, ಅದೂ ಮೊದಲ ಒಂದೆರಡು ದಿನ ಮಾತ್ರ. ಬಿಳಿ ಲೆಘಾರ್ನ್‌ನಂಥ ಹಗುರ ಜಾತಿಯಲ್ಲಿ ಗಂಡಿಗೂ ಹೆಣ್ಣಿಗೂ ಗರಿ ಬೇಗನೆ ಬರುತ್ತದೆ. ಅದನ್ನು ನಾನು ಮೂರನೆಯ ವಾರದಲ್ಲಿ ನೋಡಿ ಹೇಳಿದ್ದು ಶುದ್ಧ ದಡ್ಡತನ. ನಾಟಿ ಕೋಳಿಯ ಮರಿಗಳಲ್ಲಿಯೂ ಈ ಪರೀಕ್ಷೆಯನ್ನು ನಂಬಬೇಡಿ.

ಮರಿಯ ಗುದದ್ವಾರವನ್ನು ಬಿಡಿಸಿ, ಒಳಗಿನ ಸಾಸಿವೆಗಿಂತ ಸಣ್ಣ ಗುರುತನ್ನು ನೋಡುವ ವಿದ್ಯೆಯೂ ಇದೆ. 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ರೂಪಿಸಿದರು. ಪಳಗಿದ ಕೈಗೆ ಒಂದು ಮರಿಗೆ ಕೆಲವೇ ಕ್ಷಣ ಸಾಕು. ಪಳಗದ ಕೈ ಹಾಕಿದರೆ ಮರಿ ಸತ್ತೇ ಹೋದೀತು. ನಮಗೆ ಬೇಡ. ಕಾಲು ಹಿಡಿದು ತಲೆಕೆಳಗೆ ತೂಗುಹಾಕುವುದು, ದಾರಕ್ಕೆ ಸೂಜಿ ಕಟ್ಟಿ ಮೇಲೆ ತೂಗುವುದು, ಇವೂ ಬೇಡ. ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಎಂಬ ಮಾತೂ ಅಷ್ಟೇ. ಅದು ನಿಜವಾಗಿದ್ದರೆ ಫಾರಂನವರು ಚೂಪು ಮೊಟ್ಟೆಗಳನ್ನು ಕಾವಿಗೆ ಇಡುತ್ತಲೇ ಇರಲಿಲ್ಲ! ಕಾವಿಗಿಟ್ಟ ಮೊಟ್ಟೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅರ್ಧ ಹೆಣ್ಣು. ಕೋಳಿಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವ ಅಂಶ ಬರುವುದು ತಾಯಿಯಿಂದ. ಮನುಷ್ಯರಲ್ಲಿ ಬರುವುದು ತಂದೆಯಿಂದ. ಬರೀ ಹೆಣ್ಣು ಹೆತ್ತಳೆಂದು ಸೊಸೆಯನ್ನು ಬೈಯುವ ಮನೆಗಳವರು ಈ ಮಾತನ್ನು ಸ್ವಲ್ಪ ಗಮನಿಸಬೇಕು.

ಹಾಗಾದರೆ ನಂಬತಕ್ಕ ಗುರುತು ಯಾವುದು? ಬಹಳ ಜನ ಜುಟ್ಟು ನೋಡುತ್ತಾರೆ. ಐದಾರು ವಾರಕ್ಕೆ ಗಂಡಿನ ಜುಟ್ಟು ಕೆಂಪೇರಿ ಏಳುತ್ತದೆ, ಹೆಣ್ಣಿನದು ಹಳದಿಯಾಗಿ ಗಿಡ್ಡಗೇ ಇರುತ್ತದೆ. ಇದು ಸರಿಯೇ. ಆದರೆ ಯಾಟೆ ಮೊದಲ ಮೊಟ್ಟೆ ಇಡುವ ಕಾಲ ಹತ್ತಿರ ಬಂದಂತೆ ಅದರ ಜುಟ್ಟೂ ಕೆಂಪಗೆ ದೊಡ್ಡದಾಗುತ್ತದೆ. ಐದು ತಿಂಗಳ ಯಾಟೆಯ ಜುಟ್ಟು ದಿಢೀರನೆ ಕೆಂಪಾದದ್ದನ್ನು ಕಂಡು, ಹುಂಜವೆಂದು ಬಗೆದು, ಇನ್ನೆರಡು ವಾರದಲ್ಲಿ ಮೊಟ್ಟೆ ಇಡಬೇಕಾಗಿದ್ದ ಕೋಳಿಯನ್ನು ಹಬ್ಬಕ್ಕೆ ಕೊಯ್ದವರನ್ನು ನಾನು ಬಲ್ಲೆ. ಹೊಟ್ಟೆ ಸೀಳಿದಾಗ ಒಳಗೆ ಗೊಂಚಲು ಗೊಂಚಲಾಗಿ ಹಳದಿ ಭಂಡಾರ. ಆ ಮನೆಯಾಕೆ ಆ ದಿನ ಊಟ ಮಾಡಲಿಲ್ಲವಂತೆ. ಅಲ್ಲದೆ ಅಸೀಲ್ ಜಾತಿಯಲ್ಲಿ ಹುಂಜಕ್ಕೂ ಜುಟ್ಟು ಗಿಡ್ಡವೇ. ಕಡಕ್‌ನಾಥ್ ಜಾತಿಯಲ್ಲಿ ಜುಟ್ಟು ಕಪ್ಪುಛಾಯೆಯದು, ಕೆಂಪು ನೋಡುವ ಲೆಕ್ಕ ಅಲ್ಲಿ ನಡೆಯದು.

ಗರಿ ನೋಡಿ. ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ. ಸುಮಾರು ಮೂರು ತಿಂಗಳಾಗುವಾಗ ಮರಿಗರಿ ಉದುರಿ ಹೊಸ ಗರಿ ಬರುತ್ತದೆ. ಸಂಜೆ ಕೋಳಿಗಳು ಗೂಡು ಸೇರಿದ ಮೇಲೆ ಬ್ಯಾಟರಿ ಹಿಡಿದು ಹೋಗಿ, ಒಂದೊಂದನ್ನೇ ಮೆಲ್ಲನೆ ಎತ್ತಿಕೊಳ್ಳಿ. ಹಗಲು ಅಟ್ಟಿಸಿಕೊಂಡು ಹೋದರೆ ನಿಮಗೂ ದಣಿವು, ಕೋಳಿಗೂ ಗಾಬರಿ. ಬೆನ್ನಿನ ಮೇಲೆ, ಬಾಲಕ್ಕೆ ಸ್ವಲ್ಪ ಮುಂದೆ, ಬೆರಳಿನಿಂದ ಗರಿ ಸರಿಸಿ ನೋಡಿ. ಬಿದಿರೆಲೆಯಂತೆ ಕಿರಿದಾಗಿ, ತುದಿ ಚೂಪಾಗಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಗರಿಗಳು ಬಂದಿದ್ದರೆ ಅದು ಹುಂಜ. ಹುಣಸೆ ಎಲೆಯಂತೆ ತುದಿ ದುಂಡಗಿದ್ದು ಹೊಳಪು ಕಡಿಮೆಯಿದ್ದರೆ ಯಾಟೆ. ಕತ್ತಿನ ಗರಿಯಲ್ಲೂ ಇದೇ ಭೇದವಿದೆ. ಆದರೆ ಕೆಲವು ಹೇಂಟೆಗಳ ಕತ್ತಿನ ಗರಿ ತುಸು ಚೂಪಾಗಿರುತ್ತದಾದ್ದರಿಂದ, ಮತ್ತು ಬೋಳುಕತ್ತಿನ ಕೋಳಿಗಳಿಗೆ ಅಲ್ಲಿ ಗರಿಯೇ ಇಲ್ಲದ್ದರಿಂದ, ಬೆನ್ನಿನ ಗರಿಯೇ ವಾಸಿ. ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಗರಿ ಬರುವುದು ಇನ್ನೂ ಸ್ವಲ್ಪ ತಡವಾಗಿ. ಕಾಲಿನ ಮುಳ್ಳು ಮುದಿ ಹೇಂಟೆಗೂ ಬರುವುದುಂಟು, ಅದನ್ನೊಂದೇ ನೆಚ್ಚಬೇಡಿ.

ಜುಟ್ಟಿಗಿಂತ ಗರಿ ಏಕೆ ಹೆಚ್ಚು ನಂಬಿಕೆಗೆ ಅರ್ಹ? ಜುಟ್ಟು ದೇಹದಲ್ಲಿ ಊರುವ ಹಾರ್ಮೋನು ಎಂಬ ರಸ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಮೊಟ್ಟೆ ಇಡುವ ಕೋಳಿಯ ಜುಟ್ಟು ಕೆಂಪು. ಅದೇ ಕೋಳಿ ಕಾವಿಗೆ ಕೂತರೆ ಜುಟ್ಟು ಬಾಡುತ್ತದೆ. ಬೀಜ ತೆಗೆದ ಹುಂಜದ ಜುಟ್ಟು ಕುಗ್ಗಿಹೋಗುತ್ತದೆ, ಗರಿ ಮಾತ್ರ ಹುಂಜದ್ದಾಗಿಯೇ ಉಳಿಯುತ್ತದೆ! ಏಕೆಂದರೆ ದುಂಡು ಗರಿ ಬರುವುದಕ್ಕೆ ಹೆಣ್ಣಿನ ರಸ ಬೇಕು. ಆ ರಸ ಇಲ್ಲದಿದ್ದರೆ ಗರಿ ತಾನಾಗಿಯೇ ಹುಂಜದ ಗರಿಯಾಗುತ್ತದೆ.

ಇದನ್ನು ತಿಳಿದರೆ ಇನ್ನೊಂದು ಭಯವೂ ಬಿಡುತ್ತದೆ. "ಹೇಂಟೆ ಕೂಗಿದರೆ ಮನೆಗೆ ಕೇಡು" ಎಂದು ಆ ಕ್ಷಣವೇ ಕತ್ತು ಮುರಿಯುವವರಿದ್ದಾರೆ. ಕೋಳಿಯ ಹೊಟ್ಟೆಯಲ್ಲಿ ಎಡಗಡೆಯ ಅಂಡಾಶಯ ಒಂದೇ ಬೆಳೆದು ಕೆಲಸ ಮಾಡುವುದು. ಕಾಯಿಲೆಯಿಂದಲೋ ವಯಸ್ಸಿನಿಂದಲೋ ಅದು ಕೆಟ್ಟರೆ ಹೆಣ್ಣಿನ ರಸ ನಿಲ್ಲುತ್ತದೆ. ಮುಂದಿನ ಸಲ ಗರಿ ಉದುರಿ ಬರುವಾಗ ಹುಂಜದ ಗರಿ ಬರುತ್ತದೆ, ಜುಟ್ಟು ಬೆಳೆಯುತ್ತದೆ, ಕೆಲವು ಕೂಗುತ್ತವೆ ಕೂಡ. ಹುಂಜವಿಲ್ಲದ ಗುಂಪಿನಲ್ಲಿ ಆರೋಗ್ಯವಾಗಿರುವ ಹೇಂಟೆಯೂ ಒಮ್ಮೊಮ್ಮೆ ಕೂಗೀತು. ಮೊಟ್ಟೆ ನಿಂತಿದ್ದರೆ ಸಾರಿಗೆ ಹಾಕಿ, ಬೇಡವೆನ್ನುವುದಿಲ್ಲ. ಮೊಟ್ಟೆ ಇಡುತ್ತಿದ್ದರೆ ಕೂಗಿಕೊಳ್ಳಲಿ ಬಿಡಿ.

ಎಲ್ಲ ಹಕ್ಕಿಗಳಲ್ಲೂ ಭೇದ ಹೀಗೆ ಕಣ್ಣಿಗೆ ಕಾಣುವುದಿಲ್ಲ. ಗಂಡು ಗುಬ್ಬಿಗೆ ಕೊರಳಲ್ಲಿ ಕಪ್ಪು ಮಚ್ಚೆ; ಗಂಡು ಕೋಗಿಲೆ ಪೂರ್ತಿ ಕಪ್ಪು, ಹೆಣ್ಣು ಕಂದು ಮೈಮೇಲೆ ಬಿಳಿ ಚುಕ್ಕೆ, ಎರಡನ್ನೂ ಬೇರೆ ಬೇರೆ ಹಕ್ಕಿ ಎಂದುಕೊಂಡವರೇ ಹೆಚ್ಚು. ಕಾಗೆ, ಗೊರವಂಕಗಳಲ್ಲಿ ನೋಡಿ ಹೇಳುವುದು ಕಷ್ಟ. ಬಾತುಕೋಳಿ ಸಾಕುವವರಿಗೆ ಸುಲಭವಿದೆ: ನಾಟಿ ಬಾತಿನ ಗಂಡಿಗೆ ಬಾಲದ ಮೇಲೆ ಸುರುಳಿ ಸುತ್ತಿದ ಒಂದೆರಡು ಗರಿ ಬರುತ್ತವೆ, ದನಿಯೂ ಒಡಕು; ಜೋರಾಗಿ ಬಾಯಿ ಮಾಡುವುದು ಹೆಣ್ಣೇ.

ಇನ್ನು ಮರಿ ಕೊಳ್ಳುವಾಗ. ಗಿರಿರಾಜ, ಸ್ವರ್ಣಧಾರ ಮೊದಲಾದ ಹಿತ್ತಿಲ ಕೋಳಿಗಳ ಮರಿಗಳನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ ಮಾಡದೆಯೇ ಕೊಡುತ್ತಾರೆ. ಹತ್ತರಲ್ಲಿ ಐದು ಹುಂಜವೆಂದೇ ಲೆಕ್ಕ ಹಾಕಿ ಕೊಳ್ಳಿ. ಅವುಗಳ ಹುಂಜ ಮಾಂಸಕ್ಕೆ ಚೆನ್ನಾಗಿ ಬರುವುದರಿಂದ ನಷ್ಟವಿಲ್ಲ. "ಎಲ್ಲಾ ಹೇಂಟೆ" ಎಂದು ಬುಟ್ಟಿಯವನು ಹೇಳಿದರೆ, ಮರಿ ಎಲ್ಲಿಂದ ಬಂತು, ರಸೀತಿ ಇದೆಯೇ ಎಂದು ಕೇಳಿ. ಮೂರು ತಿಂಗಳಿಗೆ ಬೆನ್ನಿನ ಗರಿ ನೋಡಿ ಬೇರೆ ಮಾಡಿ, ಎಂಟು ಹತ್ತು ಹೇಂಟೆಗೆ ಒಂದು ಒಳ್ಳೆಯ ಹುಂಜವನ್ನು ಇಟ್ಟುಕೊಂಡು, ಉಳಿದ ಹುಂಜಗಳನ್ನು ಹಬ್ಬದ ಸಂತೆಗೆ ಒಯ್ಯಿರಿ. ಬರೀ ಮೊಟ್ಟೆ ತಿನ್ನುವುದಕ್ಕೆ ಮಾರುವುದಕ್ಕೆ ಸಾಕುವವರಿಗೆ ಹುಂಜವೇ ಬೇಕಿಲ್ಲ. ಹುಂಜವಿಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ, ಮರಿ ಮಾತ್ರ ಆಗುವುದಿಲ್ಲ.

ಅಜ್ಜಿ ಆ 13 ಹುಂಜಗಳನ್ನು ಸಿಕ್ಕಿದ ಬೆಲೆಗೆ ಮಾರಿ, ಸಾಲದ ಉಳಿದ ಕಂತುಗಳನ್ನು ಹಾಲಿನ ದುಡ್ಡಿನಲ್ಲಿ ಕಟ್ಟಿದರು. ಈಗ ಮತ್ತೆ ಹತ್ತು ಮರಿ ತಂದಿದ್ದಾರೆ. ಹೋದ ವಾರ ಅವರ ಮನೆ ಮುಂದೆ ಹಾದುಹೋಗುವಾಗ ಕರೆದು, "ಇನ್ನೂ ಎರಡು ತಿಂಗಳು ಕಣಪ್ಪಾ, ಅಲ್ಲೀಗಂಟ ನೀನು ಏನೂ ಹೇಳಬೇಡ" ಎಂದರು.