ತಾರಸಿಯ ಲ್ಯಾಟೆಕ್ಸ್ ಲೇಪ: ಬಾಳಿಕೆ ಮತ್ತು ಪಾಲನೆ

ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳಿಗೆ ಮಳೆಗಾಲಕ್ಕೆ ಮುನ್ನ ಕರಲು ಮಣ್ಣು ಹರಡುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಸೋಡಿಯಂ ಅಂಶವುಳ್ಳ ಆ ಮಣ್ಣು ನೀರು ಕುಡಿದು ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಮಾಳಿಗೆ ಬಾಳುತ್ತಿದ್ದುದು ಮಣ್ಣಿನ ಗುಣವೊಂದರಿಂದಲೇ ಅಲ್ಲ. ಮನೆಯವರು ವರ್ಷಕ್ಕೊಮ್ಮೆಯಾದರೂ ಮೇಲೇರಿ ನೋಡುತ್ತಿದ್ದುದರಿಂದ. ಸಿಮೆಂಟಿನ ತಾರಸಿ ಬಂದ ಮೇಲೆ ಈ ಕಾಯಕ ತಪ್ಪಿತು. ದೇವರ ಕೋಣೆಯ ಜಗಲಿಯ ಮೇಲೆ ಹನಿ ಬಿದ್ದಾಗಲೇ ನಮಗೆ ಛಾವಣಿಯ ನೆನಪು.

ಆಗ ಅಂಗಡಿಯವರು ಸೂಚಿಸುವುದು ಲ್ಯಾಟೆಕ್ಸ್ ಬೆರೆಸಿದ ಸಿಮೆಂಟಿನ ಲೇಪವನ್ನು. ಇದು ಹೊಸದೇನಲ್ಲ; ರಬ್ಬರ್ ಮರದ ಹಾಲನ್ನು ಸಿಮೆಂಟಿಗೆ ಬೆರೆಸುವ ಪೇಟೆಂಟುಗಳು 1920ರ ದಶಕದಲ್ಲಿಯೇ ಇಂಗ್ಲೆಂಡಿನಲ್ಲಿ ದೊರೆತಿದ್ದವು. ಇಂದು ಬಳಸುವುದು ಬಹುತೇಕ ಕೃತಕ ಲ್ಯಾಟೆಕ್ಸ್. ಹಾಲಿನಂತಹ ಈ ದ್ರವದಲ್ಲಿ ಪಾಲಿಮರಿನ ಅತಿ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ನೀರು ಆರಿದಂತೆ ಅವು ಒಂದಕ್ಕೊಂದು ಬೆಸೆದು ಸಿಮೆಂಟಿನ ರಂಧ್ರಗಳಲ್ಲಿ ತೆಳು ಪೊರೆಯಾಗುತ್ತವೆ. ಇದರಿಂದ ಲೇಪಕ್ಕೆ ಅಂಟು, ತುಸು ಬಾಗುವ ಗುಣ ಎರಡೂ ಬರುತ್ತವೆ.

ಡಬ್ಬಿಯ ಮೇಲಿನ ಹೆಸರನ್ನು ಓದಿ ಕೊಳ್ಳಬೇಕು. ಬಿಸಿಲಿಗೆ ತೆರೆದಿರುವ ತಾರಸಿಗೆ ಅಕ್ರಿಲಿಕ್ ಬಗೆ ಒಳ್ಳೆಯದು. ಎಸ್‌ಬಿಆರ್ ಎಂಬ ರಬ್ಬರ್ ಬಗೆ ಬಿಸಿಲಿಗೆ ಕ್ರಮೇಣ ಸೊರಗುವುದರಿಂದ ಅದರ ಮೇಲೆ ಗಾರೆಯ ಹೊದಿಕೆ ಬೇಕು. ಮರಗೆಲಸದ ಬಿಳಿ ಅಂಟನ್ನು ಸಿಮೆಂಟಿಗೆ ಕಲಸುವವರೂ ಉಂಟು. ನೆನೆದರೆ ಅದು ಮತ್ತೆ ಮೆತ್ತಗಾಗುವುದರಿಂದ ಛಾವಣಿಗೆ ಸಲ್ಲದು.

ಲೇಪದ ಆಯುಷ್ಯ ನಿರ್ಧಾರವಾಗುವುದು ಹಚ್ಚುವುದಕ್ಕೆ ಮುನ್ನವೇ. ಪಾಚಿ, ಹಳೆಯ ಸುಣ್ಣ, ಸಡಿಲ ಗಾರೆ ಎಲ್ಲವನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಧೂಳಿನ ಮೇಲೆ ಹಚ್ಚಿದ ಲೇಪ ಧೂಳಿಗೆ ಅಂಟುತ್ತದೆಯೇ ಹೊರತು ತಾರಸಿಗಲ್ಲ. ನೀರು ಕೊಳವೆಯತ್ತ ಹರಿಯದೆ ನಿಲ್ಲುವ ತಗ್ಗುಗಳನ್ನು ಮೊದಲು ಸರಿಪಡಿಸಬೇಕು. ಬಿರುಕುಗಳನ್ನು ತುಂಬಿ ಗಾಜಿನ ನಾರಿನ ಬಲೆ ಕೂಡಿಸಬೇಕು. ಕಾದ ತಾರಸಿಯ ಮೇಲೆ ನಡುಹಗಲಿನಲ್ಲಿ ಹಚ್ಚಬಾರದು. ಸಂಜೆಯ ತಂಪಿನಲ್ಲಿ ನೆಲವನ್ನು ತೇವಮಾಡಿ, ನಿಂತ ನೀರನ್ನು ಒರೆಸಿ, ಒಂದು ಪದರವನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಲಾಗಿಯೂ ಬಳಿಯಬೇಕು. ಬರಿಯ ಸಿಮೆಂಟಿನಂತೆ ವಾರಗಟ್ಟಲೆ ನೀರು ಕಟ್ಟುವ ರೂಢಿ ಇಲ್ಲಿ ಬೇಡ. ಸಿಮೆಂಟಿಗೆ ಮೊದಲೊಂದು ದಿನ ತೇವ ಬೇಕು, ಪಾಲಿಮರಿನ ಪೊರೆಗೆ ಬಳಿಕ ಒಣಗಾಳಿ ಬೇಕು.

ಇಷ್ಟೆಲ್ಲ ಮಾಡಿದರೂ, ಬಿಸಿಲಿಗೆ ತೆರೆದ ತೆಳು ಲೇಪವನ್ನು 3ರಿಂದ 5 ವರ್ಷಗಳಲ್ಲಿ ನವೀಕರಿಸಬೇಕಾದೀತು. 'ಒಮ್ಮೆ ಹಚ್ಚಿದರೆ ಸಾಕು' ಎಂಬ ಮಾತನ್ನು ನಾವು ನಂಬಲಾರೆವು. ಸವೆತ ಮೊದಲು ಕಾಣುವುದು ಗೋಡೆಯ ಬುಡದಲ್ಲಿ, ಕೊಳವೆಯ ಬಾಯಲ್ಲಿ, ನೀರಿನ ತೊಟ್ಟಿಯ ಕಾಲುಗಳಡಿಯಲ್ಲಿ, ಸೌರ ಹಂಡೆಗೆ ಕೊರೆದ ಬೋಲ್ಟಿನ ತೂತುಗಳಲ್ಲಿ. ರೋಹಿಣಿ ಮಳೆಗೆ ಮುನ್ನ ಒಂದು ದಿನ ಇವನ್ನು ನೋಡಿ, ಕಸ ಗುಡಿಸಿ, ಎದ್ದ ಜಾಗವನ್ನಷ್ಟೇ ಕೆರೆದು ಮತ್ತೆ ಬಳಿದರೆ ಕೆಲವೇ ರೂಪಾಯಿಗಳ ಕೆಲಸ. ಮೆಣಸಿನಕಾಯಿ, ಹಪ್ಪಳ ಒಣಗಿಸಲು ಅಡ್ಡಿಯಿಲ್ಲ. ಕಬ್ಬಿಣದ ಮಂಚ ಎಳೆಯುವುದು, ಒನಕೆ ಕುಟ್ಟುವುದು ಬೇಡ.

ಒಂದು ಎಚ್ಚರಿಕೆ ಹೇಳಲೇಬೇಕು. ಕೆಳಗಿನಿಂದ ನೋಡಿದಾಗ ಕಂದು ಕಲೆ, ಕಂಬಿಯ ಉದ್ದಕ್ಕೆ ಬಿರುಕು, ಉದುರುವ ಗಾರೆ ಕಂಡರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ ಎಂದೇ ತಿಳಿಯಬೇಕು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಸೀಳುತ್ತದೆ. ಮಕ್ಕಳು ಮಲಗುವ ಕೋಣೆಯ ಮೇಲೆ ಇಂತಹ ತಾರಸಿಯಿದ್ದರೆ ಲೇಪದ ಡಬ್ಬಿ ತರುವ ಬದಲು ಅನುಭವಿ ಇಂಜಿನಿಯರನ್ನು ಕರೆತರಬೇಕು. ಮೇಲಿನ ಬಿಳುಪು ಒಳಗಿನ ತುಕ್ಕನ್ನು ಮರೆಮಾಚುತ್ತದೆಯಷ್ಟೇ.

ಲೇಪ ಹಚ್ಚಿದ ತಿಂಗಳು, ವರ್ಷ, ಬಳಸಿದ ಬಗೆಯನ್ನು ತಾರಸಿಯ ಗೋಡೆಯ ಒಳಮೈಯಲ್ಲಿ ಬಣ್ಣದಿಂದ ಬರೆದಿಟ್ಟರೆ ಮುಂದಿನ ಸಲ ಮೇಲೇರುವವರಿಗೆ ಲೆಕ್ಕ ಸಿಗುತ್ತದೆ.